ಆಲ್ ರೀಜನ್ ತಂಡದ ಮ್ಯಾಚ್ ಯಾವಾಗ?

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ. ‘ನಮ್ಮ ಹುಡುಗಿ ಆಲ್ ರೀಜನ್ ತಂಡಕ್ಕೆ ಸೆಲೆಕ್ಟ್ ಆಗಿದ್ದಾಳಂತೆ. ಮ್ಯಾಚ್ ಯಾವಾಗ?’

ಮ್ಯಾಚ್ ಇಲ್ಲ. ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಹೇಳಿದ ಮೇಲೂ ಆ ಕಡೆಯಿಂದ ‘ಇನ್ನೂ ಡೇಟ್ ಫಿಕ್ಸ್ ಆಗಿಲ್ವಾ?’ ಅಂತ ಬರುತ್ತದೆ.

ನಾನು ಅಮೆರಿಕದ ಒಂದು ಸಣ್ಣ ಕಾಲೇಜಿನ ಕ್ರೀಡಾ ಮಾಹಿತಿ ವಿಭಾಗದಲ್ಲಿದ್ದೇನೆ. ಹುಡುಗಿಯರ ಬಾಸ್ಕೆಟ್‌ಬಾಲ್ ಮ್ಯಾಚ್ ನಡೆಯುವಾಗ ಕೋರ್ಟ್ ಪಕ್ಕದ ಮೇಜಿನಲ್ಲಿ ಕೂತು, ಬಾಸ್ಕೆಟ್ ಯಾರು ಹಾಕಿದರು, ಪಾಸ್ ಯಾರು ಕೊಟ್ಟರು, ರೀಬೌಂಡ್ ಯಾರಿಗೆ ಸಿಕ್ಕಿತು ಅಂತ ಲ್ಯಾಪ್‌ಟಾಪಿಗೆ ತುಂಬುವುದು ನನ್ನ ಕೆಲಸ. ಸೀಸನ್ ಕೊನೆಯಲ್ಲಿ ಪ್ರಶಸ್ತಿಗಳಿಗೆ ಹೆಸರು ಕಳಿಸುವುದು, ಓಟು ಹಾಕುವುದು ಕೂಡ. ನಮ್ಮದು ಎನ್‌ಸಿಎಎ, ಅಂದರೆ ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯ ಎರಡನೇ ಡಿವಿಷನ್. ನಮ್ಮನ್ನು ಯಾರೂ ಟಿವಿಯಲ್ಲಿ ನೋಡಿರುವುದಿಲ್ಲ.

ತಪ್ಪು ಕೇಳುವವರದ್ದಲ್ಲ, ‘ತಂಡ’ ಅನ್ನುವ ಪದದ್ದು. ನಮ್ಮ ಕಡೆ ತಂಡಕ್ಕೆ ಆಯ್ಕೆ ಅಂದರೆ ಏನು? ಇಂಟರ್ ಕಾಲೇಜ್ ಪಂದ್ಯ ಮುಗಿದ ಸಂಜೆ ಯಾರೋ ಒಂದು ಹಾಳೆ ಹಿಡಿದು ಹೆಸರು ಓದುತ್ತಾರೆ. ಆಮೇಲೆ ಕೋಚಿಂಗ್ ಕ್ಯಾಂಪ್. ಒಂದು ಟ್ರ್ಯಾಕ್‌ಸೂಟ್, ಸೈಜ್ ಮಾತ್ರ ಯಾವತ್ತೂ ಸರಿ ಇರುವುದಿಲ್ಲ. ಆಮೇಲೆ ಸ್ಲೀಪರ್ ಬೋಗಿಯಲ್ಲಿ ಸೌತ್ ಝೋನ್ ಪಂದ್ಯಾವಳಿಗೆ ಪ್ರಯಾಣ. ಯೂನಿವರ್ಸಿಟಿಗೆ ಆಡಿ ಬಂದವರನ್ನು ‘ಬ್ಲೂ’ ಅಂತ ಕರೆಯುತ್ತಾರೆ. ಅಲ್ಲಿ ಆಯ್ಕೆ ಮೊದಲು, ಆಟ ಆಮೇಲೆ.

ಇಲ್ಲಿ ಉಲ್ಟಾ. ಆಟವೆಲ್ಲ ಮುಗಿಯುತ್ತಾ ಬಂದಾಗ ಒಂದು ಪಟ್ಟಿ ಬರುತ್ತದೆ. ಆ ಪಟ್ಟಿಯ ಹೆಸರೇ ಆಲ್ ರೀಜನ್ ಟೀಮ್. ಅದರಲ್ಲಿರುವ ಹುಡುಗಿಯರು ಒಟ್ಟಾಗಿ ಒಂದು ಕೋರ್ಟಿಗೆ ಇಳಿಯುವುದೇ ಇಲ್ಲ. ಎಷ್ಟೋ ಜನ ಒಬ್ಬರನ್ನೊಬ್ಬರು ನೋಡಿರುವುದೂ ಇಲ್ಲ. ಕೋಚ್ ಇಲ್ಲ, ಕ್ಯಾಂಪ್ ಇಲ್ಲ, ಜೆರ್ಸಿ ಇಲ್ಲ. ಫಸ್ಟ್ ಟೀಮ್, ಸೆಕೆಂಡ್ ಟೀಮ್ ಅಂದರೆ ಆಡುವವರು, ಬೆಂಚಿನವರು ಅಂತಲ್ಲ. ‘ಸೆಕೆಂಡ್ ಟೀಮ್ ಅಂದ್ರೆ ರಿಸರ್ವ್ ಅಲ್ವಾ?’ ಅಂತ ಮುಖ ಸಪ್ಪೆ ಮಾಡಿಕೊಂಡ ತಾಯಂದಿರನ್ನು ನೋಡಿದ್ದೇನೆ. ಅಲ್ಲಮ್ಮ. ಹತ್ತಾರು ಕಾಲೇಜುಗಳ ನೂರಾರು ಹುಡುಗಿಯರಲ್ಲಿ ನಿಮ್ಮ ಮಗಳದ್ದು ಮೇಲಿನ ಕೆಲವೇ ಹೆಸರುಗಳಲ್ಲಿ ಒಂದು. ಸಪ್ಪೆ ಮುಖ ಯಾಕೆ?

ಓಟು ಯಾರದು ಅಂತಲೂ ಹೇಳಿಬಿಡುತ್ತೇನೆ. ಎರಡನೇ ಡಿವಿಷನ್ನಿನಲ್ಲಿ ದೇಶವನ್ನು 8 ರೀಜನ್ ಮಾಡಿದ್ದಾರೆ. ಅಟ್ಲಾಂಟಿಕ್, ಈಸ್ಟ್, ಸೌತ್‌ಈಸ್ಟ್, ಸೌತ್, ಮಿಡ್‌ವೆಸ್ಟ್, ಸೆಂಟ್ರಲ್, ಸೌತ್ ಸೆಂಟ್ರಲ್, ವೆಸ್ಟ್. ಪ್ರಶಸ್ತಿ ಕೊಡುವುದು ಡಿ2ಸಿಸಿಎ, ಅಂದರೆ ಕಾನ್ಫರೆನ್ಸ್ ಕಮಿಷನರ್‌ಗಳ ಸಂಘ. ಕಾನ್ಫರೆನ್ಸ್ ಅಂದರೆ ಒಟ್ಟಾಗಿ ಲೀಗ್ ಆಡುವ ಕಾಲೇಜುಗಳ ಗುಂಪು, ಕಮಿಷನರ್ ಅದರ ಮುಖ್ಯಸ್ಥ. ಆದರೆ ಹೆಸರು ಸೂಚಿಸುವವರು, ಓಟು ಹಾಕುವವರು ನನ್ನಂಥ ಮೇಜಿನ ಮುಂದೆ ಕೂರುವವರು. ಫಸ್ಟ್ ಟೀಮಿನ ಹೆಸರುಗಳು ಅಲ್ಲಿಂದ ಆಲ್ ಅಮೆರಿಕ, ಅಂದರೆ ಇಡೀ ದೇಶದ ಪಟ್ಟಿಯ ಓಟಿಗೆ ಹೋಗುತ್ತವೆ. ಮುಂದಿನ ಮೆಟ್ಟಿಲು ಅದೊಂದೇ. ಅಲ್ಲೂ ಮ್ಯಾಚ್ ಇಲ್ಲ!

ಹುಡುಗಿಯ ಮನೆ ಎಲ್ಲಿದೆ ಅನ್ನುವುದಕ್ಕೂ ರೀಜನ್‌ಗೂ ಸಂಬಂಧವಿಲ್ಲ. ಅವಳ ಕಾಲೇಜು ಯಾವ ಕಾನ್ಫರೆನ್ಸಿನಲ್ಲಿದೆ, ಆ ಕಾನ್ಫರೆನ್ಸ್ ಯಾವ ರೀಜನ್ನಿನಲ್ಲಿದೆ, ಅಷ್ಟೇ.

‘ಸೆಲೆಕ್ಟರ್ ಯಾರು ಹೇಳಿ, ಒಂದು ಮಾತು ಆಡ್ತೀನಿ’ ಅಂದರು ಒಬ್ಬ ತಂದೆ. ಒಳ್ಳೆಯ ಮನುಷ್ಯ, ಪ್ರತಿ ಮ್ಯಾಚಿಗೂ ಪುಳಿಯೋಗರೆ ತರುತ್ತಿದ್ದರು, ನನಗೂ ಒಂದು ಡಬ್ಬಿ. ಆದರೆ ಮಾತಾಡುವುದು ಯಾರ ಹತ್ತಿರ? ಸೆಂಟ್ರಲ್ ರೀಜನ್ ತಗೊಳ್ಳಿ. ಅದರೊಳಗೆ ಮೂರು ಕಾನ್ಫರೆನ್ಸ್. ಒಂದರ ಕಾಲೇಜುಗಳು ಮಿನೆಸೋಟ ಕಡೆ, ಇನ್ನೊಂದರವು ಅರ್ಕನ್ಸಾ, ಒಕ್ಲಹೋಮ ಕಡೆ. ಓಟು ಹಾಕುವವನು ತನ್ನ ಕಾನ್ಫರೆನ್ಸಿನ ಹುಡುಗಿಯರನ್ನು ಕಣ್ಣಾರೆ ನೋಡಿರುತ್ತಾನೆ. ಉಳಿದವರನ್ನು ಬಹುಮಟ್ಟಿಗೆ ಅಂಕಿಗಳಲ್ಲೇ ನೋಡುವುದು. ಇದು ಪೂರಾ ನ್ಯಾಯವೇ ಅಂದರೆ ನಾನು ಹೌದು ಅನ್ನಲಾರೆ. ಇದಕ್ಕಿಂತ ಚೆನ್ನಾಗಿ ಹೇಗೆ ಮಾಡಬಹುದು ಅಂತಲೂ ನನಗೆ ಹೊಳೆದಿಲ್ಲ.

ಅಂಕಿ ಅಂದರೆ ಬರೀ ಪಾಯಿಂಟಲ್ಲ. ಒಬ್ಬಳು 24 ಸಲ ಎಸೆದು 22 ಪಾಯಿಂಟ್ ತೆಗೆದಳು. ಇನ್ನೊಬ್ಬಳು 11 ಸಲ ಎಸೆದು 19. ನನ್ನ ಓಟು ಎರಡನೆಯವಳಿಗೆ. ಪಕ್ಕದ ಮೇಜಿನವನ ಓಟು ಮೊದಲನೆಯವಳಿಗೆ ಹೋಗಬಹುದು. ಗಾಯವಾಗಿ ಆರು ವಾರ ಕೂತವಳನ್ನು ಏನು ಮಾಡಬೇಕು ಅಂತ ನಾನು ಪ್ರತಿ ವರ್ಷ ತಲೆ ಕೆಡಿಸಿಕೊಳ್ಳುತ್ತೇನೆ. ಹಾಗಾಗಿ ‘ಈ ಸಲ ಗ್ಯಾರಂಟಿನಾ?’ ಅಂತ ಫೆಬ್ರವರಿಯಲ್ಲಿ ನನ್ನನ್ನು ಕೇಳಬೇಡಿ.

ಇನ್ನೊಂದು ಗೊಂದಲ ಟಿವಿಯಿಂದ ಬಂದದ್ದು. ಮೊದಲನೇ ಡಿವಿಷನ್ನಿನ ರಾಷ್ಟ್ರೀಯ ಟೂರ್ನಿಯಲ್ಲೂ ನಾಲ್ಕು ‘ರೀಜನಲ್’ ಇವೆ. ಪ್ರತಿಯೊಂದಕ್ಕೂ ಒಬ್ಬಳು ಅತ್ಯುತ್ತಮ ಆಟಗಾರ್ತಿ. ಅದು ಆ ಟೂರ್ನಿಯ ಪ್ರಶಸ್ತಿ, ಇಡೀ ಸೀಸನ್ನಿನದ್ದಲ್ಲ. ಅದರಲ್ಲಿ ರೀಜನಲ್ ಅನ್ನುವುದು ಊರಿನ ಗುರುತೂ ಅಲ್ಲ, ಡ್ರಾದ ಒಂದು ಭಾಗದ ಹೆಸರು. 2024ರಲ್ಲಿ ಅಯೋವಾ ಯೂನಿವರ್ಸಿಟಿಯ ಕೇಟ್ಲಿನ್ ಕ್ಲಾರ್ಕ್‌ಗೆ ಆ ಪ್ರಶಸ್ತಿ ಬಂದದ್ದು ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ. ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ (ಎಲ್‌ಎಸ್‌ಯು) ವಿರುದ್ಧ 41 ಪಾಯಿಂಟ್, 12 ಅಸಿಸ್ಟ್, ಅಂದರೆ ಬಾಸ್ಕೆಟ್ ಆಗುವಂಥ ಪಾಸ್. ಅದೇ ವರ್ಷ ನಾರ್ತ್ ಕ್ಯಾರೊಲೈನಾ ಸ್ಟೇಟ್ ಯೂನಿವರ್ಸಿಟಿಯ ಅಝಾಯಾ ಜೇಮ್ಸ್‌ಗೆ ಬಂದದ್ದು ದೇಶದ ಆ ತುದಿಯ ಪೋರ್ಟ್‌ಲೆಂಡಿನಲ್ಲಿ. ಅಂದಹಾಗೆ, ಆ ಪೋರ್ಟ್‌ಲೆಂಡ್ ಕೋರ್ಟಿನ ಒಂದು ಬದಿಯ ಮೂರು ಪಾಯಿಂಟ್ ಗೆರೆ ಅಳತೆ ತಪ್ಪಿತ್ತು! ಅಲ್ಲಿ ಅಷ್ಟೊತ್ತಿಗೆ ಹಲವು ಮ್ಯಾಚ್ ಆಗಿಹೋಗಿದ್ದವು. ಜೇಮ್ಸ್ ತಂಡದ ಮ್ಯಾಚಿಗೆ ಸ್ವಲ್ಪ ಮುಂಚೆ ಗೊತ್ತಾಯಿತು. ಎರಡೂ ಕಡೆಯ ಕೋಚ್‌ಗಳು, ಇರಲಿ ಆಡೋಣ ಅಂದರು. ಆ ಸುದ್ದಿ ಓದಿದ ಮೇಲೆ ನಾನೂ ಒಂದು ಟೇಪ್ ತಗೊಂಡು ಹೋಗಿ ನಮ್ಮ ಕೋರ್ಟಿನ ಗೆರೆ ಅಳೆದೆ. ಸರಿಯಾಗಿಯೇ ಇತ್ತು.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಹಾಸನ ಕಡೆಯವರ ಮಗಳೊಬ್ಬಳು ಪಾಯಿಂಟ್ ಗಾರ್ಡ್ ಆಗಿದ್ದಳು. ಸೆಕೆಂಡ್ ಟೀಮ್ ಆಲ್ ರೀಜನ್ ಬಂತು. ಮೂರನೇ ದಿನ ಅವಳು ನನ್ನ ಮೇಜಿನ ಹತ್ತಿರ ಬಂದು ಫೋನ್ ತೋರಿಸಿದಳು. ಅಜ್ಜನ ಊರಿನ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್. ‘ಅಮೆರಿಕದ ವಲಯ ತಂಡಕ್ಕೆ ಆಯ್ಕೆಯಾದ ನಮ್ಮೂರ ಮೊಮ್ಮಗಳಿಗೆ ಹಾರ್ದಿಕ ಶುಭಾಶಯಗಳು.’ ನಡುವೆ ಚೆಂಡು ಹಿಡಿದ ಅವಳ ಫೋಟೊ. ಕೆಳಗೆ ಸಾಲಾಗಿ ದುಂಡಗಿನ ಚೌಕಟ್ಟಿನಲ್ಲಿ ಊರಿನ ಏಳು ಮುಖಂಡರು, ಅವಳಿಗಿಂತ ಜಾಸ್ತಿ ಜಾಗ ಅವರಿಗೇ.

‘ಅಂಕಲ್, ಅಜ್ಜನಿಗೆ ನೀವೇ ಹೇಳಿ. ನನ್ನ ಕನ್ನಡ ಅಷ್ಟು ದೂರ ಹೋಗಲ್ಲ’ ಅಂದಳು.

ಫೋನ್ ಮಾಡಿದೆ. ಅಜ್ಜ ‘ಬಹಳ ಸಂತೋಷ ಕಣ್ರೀ. ಮ್ಯಾಚ್ ಯಾವಾಗ ಹೇಳಿಬಿಡಿ, ರಾತ್ರಿ ಎಷ್ಟೊತ್ತಾದ್ರೂ ಎದ್ದು ನೋಡ್ತೀವಿ’ ಅಂದರು. ನಾನು ಇಲ್ಲಿ ಬರೆದಿದ್ದನ್ನೆಲ್ಲ ನಿಧಾನವಾಗಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಹೊರಗಿನ ಕೋಳಿ ಕೂಗು.

‘ಹಂಗಾದ್ರೆ ಟ್ರ್ಯಾಕ್‌ಸೂಟೂ ಇಲ್ವಾ?’

‘ಇಲ್ಲ ಅಜ್ಜಾ. ಒಂದು ಸರ್ಟಿಫಿಕೇಟ್ ಕಳಿಸ್ತೀನಿ, ನಮ್ಮ ಆಫೀಸಿನಿಂದಲೇ.’

ಪಿಡಿಎಫ್ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆ. ಅವರು ಪೇಟೆಗೆ ಹೋಗಿ ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಅದರ ಫೋಟೊ ನನಗೇ ವಾಪಸ್ ಕಳಿಸಿದರು. ಹಿಂದೆಯೇ ಒಂದು ವಾಯ್ಸ್ ಮೆಸೇಜ್.

‘ಎಲ್ಲ ಚೆನ್ನಾಗೈತೆ ಸ್ವಾಮಿ. ಆದ್ರೆ ಇದ್ರಲ್ಲಿ ಸೀಲೇ ಇಲ್ವಲ್ಲ?’