ಜಾರ್ಜಿಯನ್ ಟೆರೇಸ್ ಎಂದರೇನು?

ಇಲ್ಲಿ ಟೆರೇಸ್ ಅಂದರೆ ನಮ್ಮ ತಾರಸಿಯಲ್ಲ. ನಡುಗೋಡೆ ಹಂಚಿಕೊಂಡು ಒತ್ತಾಗಿ ನಿಂತ, ಮುಂಭಾಗವೆಲ್ಲ ಒಂದೇ ಥರ ಕಾಣುವ ಮನೆಗಳ ಸಾಲು. ಬ್ರಿಟನ್ನಿನಲ್ಲಿ 1714ರಿಂದ 1830ರವರೆಗೆ ಒಬ್ಬರ ನಂತರ ಒಬ್ಬರಂತೆ ನಾಲ್ವರು ಜಾರ್ಜ್ ದೊರೆಗಳು ಆಳಿದರು. ಆ ಕಾಲದ ಕಟ್ಟಡಗಳಿಗೆ ಜಾರ್ಜಿಯನ್ ಎಂಬ ಹೆಸರು ಉಳಿಯಿತು.

ಊರೊಳಗೆ ರಸ್ತೆ ಬದಿಯ ಜಾಗಕ್ಕೆ ಬೆಲೆ ಜಾಸ್ತಿ. ಹಾಗಾಗಿ ಮನೆಗಳು ಅಗಲವಾಗದೆ ಮೇಲಕ್ಕೆ ಬೆಳೆದವು. ನೆಲದ ಮಟ್ಟಕ್ಕಿಂತ ಕೆಳಗೆ ಅಡುಗೆಮನೆ. ರಸ್ತೆ ಮಟ್ಟದಲ್ಲಿ ಸಾಮಾನ್ಯವಾಗಿ ಊಟದ ಕೋಣೆ. ಅದರ ಮೇಲೆ ಬಂದವರನ್ನು ಕೂರಿಸುವ ದೊಡ್ಡ ಹಜಾರ, ಇನ್ನೂ ಮೇಲೆ ಮಲಗುವ ಕೋಣೆಗಳು. ಕೊನೆಗೆ ಸೂರಿನಡಿ ಆಳುಗಳು. ಕಿಟಕಿ ನೋಡಿದರೇ ಯಾವ ಮಹಡಿಗೆ ಎಷ್ಟು ಮರ್ಯಾದೆ ಅಂತ ಗೊತ್ತಾಗುತ್ತದೆ: ಹಜಾರದ ಕಿಟಕಿಗಳೇ ಎಲ್ಲಕ್ಕಿಂತ ಉದ್ದ, ಮೇಲೆ ಹೋದಂತೆ ಗಿಡ್ಡ. ನೀರು, ಕಲ್ಲಿದ್ದಲು ಎಲ್ಲವನ್ನೂ ಆಳುಗಳು ಮೆಟ್ಟಿಲು ಹತ್ತಿ ಹೊರಬೇಕಿತ್ತು. ಈ ಮನೆಗಳ ಅಂದ ಹೊಗಳುವವರು ಇದನ್ನು ಅಷ್ಟಾಗಿ ಹೇಳುವುದಿಲ್ಲ.

ಲಂಡನ್ನಿನಲ್ಲಿ ಗೋಡೆಗಳು ಅಷ್ಟು ಸಾದಾ ಆಗಲು ಬೆಂಕಿಯ ಭಯವೂ ಕಾರಣ. 1666ರ ದೊಡ್ಡ ಬೆಂಕಿಯ ನಂತರ ಬಂದ ಕಾನೂನುಗಳು ಇಟ್ಟಿಗೆ, ಕಲ್ಲು ಬಳಸಲು ಹೇಳಿದವು. ಹೊರಗೆ ಕಾಣುವ ಮರದ ಕೆಲಸ ಕಡಿಮೆಯಾಗುತ್ತಾ ಬಂತು.

ಇದರ ಅತಿ ಪ್ರಸಿದ್ಧ ಮಾದರಿ ಇಂಗ್ಲೆಂಡಿನ ಬಾತ್ ನಗರದ ರಾಯಲ್ ಕ್ರೆಸೆಂಟ್. ವಾಸ್ತುಶಿಲ್ಪಿ ಕಿರಿಯ ಜಾನ್ ವುಡ್ (ಅಪ್ಪನ ಹೆಸರೂ ಅದೇ) ಇದರ ವಿನ್ಯಾಸ ಮಾಡಿದ. 1767ರಿಂದ 1774ರ ನಡುವೆ ಕಟ್ಟಿದ್ದು. ಬಿಲ್ಲಿನಂತೆ ಬಾಗಿದ ಸಾಲಿನಲ್ಲಿ 30 ಮನೆ, 114 ಕಂಬ. ಎಲ್ಲಾ ಜೇನುಬಣ್ಣದ ಸ್ಥಳೀಯ ಕಲ್ಲು. ದೂರದಿಂದ ಒಂದೇ ಅರಮನೆ ಅನ್ನಿಸುತ್ತದೆ, ಅಲ್ವಾ? ಆದರೆ ವುಡ್ ನಿಗದಿ ಮಾಡಿದ್ದು ಮುಂಭಾಗವನ್ನು ಮಾತ್ರ. ಕೊಂಡವರು ಆ ಮುಂಭಾಗದ ಒಂದು ತುಂಡು ಕೊಂಡು, ಅದರ ಹಿಂದೆ ತಮ್ಮದೇ ಮೇಸ್ತ್ರಿ ಇಟ್ಟುಕೊಂಡು ಬೇಕಾದ ಹಾಗೆ ಮನೆ ಕಟ್ಟಿಸಿಕೊಂಡರು. ಹಿತ್ತಲ ಕಡೆ ಹೋಗಿ ನೋಡಿ. ಒಂದು ಸೂರು ಮೇಲೆ, ಇನ್ನೊಂದು ಕೆಳಗೆ. ಕಿಟಕಿಗೆ ಕಿಟಕಿ ಹೊಂದುವುದಿಲ್ಲ. ನನಗಂತೂ ಮುಂಭಾಗಕ್ಕಿಂತ ಹಿಂಭಾಗವೇ ಜಾಸ್ತಿ ಇಷ್ಟ.

ಮುಂಭಾಗದ ಶಿಸ್ತು ಈಗಲೂ ಕಟ್ಟುನಿಟ್ಟು. 1970ರ ದಶಕದಲ್ಲಿ 22ನೇ ನಂಬರಿನ ಮನೆಯಾಕೆ ಬಾಗಿಲಿಗೆ ಹಳದಿ ಬಳಿಸಿದರು. ಬಿಳಿ ಬಾಗಿಲುಗಳ ಸಾಲಿನಲ್ಲಿ ಇದು ಸಲ್ಲದು ಎಂದು ನಗರಾಡಳಿತ ನೋಟಿಸ್ ಕೊಟ್ಟಿತು. ವಿವಾದ ಸರ್ಕಾರದ ತನಕ ಹೋಯಿತು. ಕೊನೆಗೆ ಹಳದಿಯೇ ಉಳಿಯಿತು.