ಕಿವಿ ಮುಚ್ಚಿದಂಗಾಗಿದೆಯಾ? ಮೊದಲು ‘ಮ್‌’ ಅಂದು ನೋಡಿ

ಸಿರುಗುಪ್ಪ ಕಡೆಯ ಒಬ್ಬ ಹೆಣ್ಣುಮಗಳು ನನ್ನ ಹತ್ತಿರ ಕಿವಿ ತೋರಿಸಲು ಬಂದಿದ್ದರು. ವಯಸ್ಸು ನಲವತ್ತರ ಆಸುಪಾಸು. “ಸರ, ಬಲಗಿವಿ ಮುಚ್ಚಿದಂಗಾಗೈತ್ರಿ. ಒಳಗ ಗುಂಯ್ ಅಂತೈತಿ” ಅಂದರು. ಯಾವಾಗಿನಿಂದ ಅಂತ ಕೇಳಿದೆ. “ಅಮಾಸಿ ದಿನ ತಲಿಮ್ಯಾಲೆ ನೀರು ಹಾಕ್ಕೊಂಡಿದ್ದೆ ನೋಡ್ರಿ, ಮರುದಿನ ಎದ್ದಾಗಿಂದ.” ಲೆಕ್ಕ ಹಾಕಿದರೆ 26 ದಿನ ಆಗಿತ್ತು. ಸ್ನಾನದ ನೀರು ಹೊಕ್ಕಿದೆ ಅಂದುಕೊಂಡು ಮೊದಲ ವಾರ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟುಕೊಂಡಿದ್ದಾರೆ. ಎರಡನೇ ವಾರ ಮೆಡಿಕಲ್ ಶಾಪಿನ ಡ್ರಾಪ್ಸ್. ಅಷ್ಟರಲ್ಲಿ ಭತ್ತದ ಕೊಯ್ಲು ಬಂತು. ಮುಗಿಸಿಕೊಂಡು ಹೋದರಾಯಿತು ಅಂತ ಸುಮ್ಮನಾಗಿದ್ದಾರೆ.

ಕಿವಿಯೊಳಗೆ ಬೆಳಕು ಬಿಟ್ಟು ನೋಡಿದೆ. ಗುಗ್ಗೆ ಇಲ್ಲ, ಕೀವು ಇಲ್ಲ. ಪರದೆ ಕನ್ನಡಿಯಂತೆ ಹೊಳೀತಿತ್ತು. ತಟ್ಟಿದರೆ ದನಿ ಕೊಡುವ ಎರಡು ಕವಲಿನ ಲೋಹದ ಕಡ್ಡಿ, ಟ್ಯೂನಿಂಗ್ ಫೋರ್ಕನ್ನು ನನ್ನ ಮೊಣಕೈಗೆ ತಟ್ಟಿ, ಅವರ ಹಣೆಯ ನಡುವೆ ಇಟ್ಟೆ. “ಸದ್ದು ಯಾವ ಕಿವಿಗೆ ಜಾಸ್ತಿ ಕೇಳುತ್ತೆ, ಬೆರಳು ತೋರಿಸಿ ಅಮ್ಮ” ಅಂದೆ. ಅವರ ಬೆರಳು ಎಡಗಿವಿಯ ಕಡೆ, ಅಂದರೆ ಚೆನ್ನಾಗಿರುವ ಕಿವಿಯ ಕಡೆ ಹೋಯಿತು. ನನಗೆ ಸಂಕಟವಾಯಿತು.

ಯಾಕೆ ಅಂತ ಹೇಳುತ್ತೇನೆ. ಗುಗ್ಗೆ ತುಂಬಿ, ನೀರು ನಿಂತು ಅಥವಾ ಪರದೆ ತೂತಾಗಿ ಕಿವಿ ಮಂದವಾಗಿದ್ದರೆ ಹಣೆಯ ಮೇಲಿನ ಸದ್ದು ಮಂದವಾದ ಕಿವಿಗೇ ಜೋರಾಗಿ ಕೇಳುತ್ತದೆ. ಹೊರಗಿನ ಗದ್ದಲ ಒಳಗೆ ಬರಲ್ಲ, ಎಲುಬಿನ ಮೂಲಕ ಬಂದ ಸದ್ದು ಮಾತ್ರ ಒಳಗಿನ ಕಿವಿಗೆ ಮುಟ್ಟುತ್ತದೆ. ಆದರೆ ಒಳಗಿನ ಕಿವಿಗೆ ಅಥವಾ ನರಕ್ಕೇ ಪೆಟ್ಟಾಗಿದ್ದರೆ ಸದ್ದು ಚೆನ್ನಾಗಿರುವ ಕಡೆಗೆ ಸರಿಯುತ್ತದೆ. ಇದಕ್ಕೆ ಫೋರ್ಕೇ ಬೇಕು ಅಂತಿಲ್ಲ. ಒಂದೇ ಕಿವಿ ಇದ್ದಕ್ಕಿದ್ದಂತೆ ಮುಚ್ಚಿದಂಗಾದರೆ ಮನೆಯಲ್ಲೇ ಬಾಯಿ ಮುಚ್ಚಿ ‘ಮ್‌...’ ಅಂತ ಎಳೆದು ಗುನುಗಿ. ಸದ್ದು ಮುಚ್ಚಿದ ಕಿವಿಯಲ್ಲೇ ಮೊಳಗಿದರೆ ಅದು ಬಹುಮಟ್ಟಿಗೆ ಗುಗ್ಗೆಯೋ ನೆಗಡಿಯೋ. ಈ ವಾರದಲ್ಲಿ ಬಿಡುವಾದಾಗ ತೋರಿಸಿ, ನಡೆಯುತ್ತೆ. ಚೆನ್ನಾಗಿರುವ ಕಿವಿಯ ಕಡೆ ಕೇಳಿದರೆ ಅವತ್ತೇ ಹೊರಡಿ. ಯಾವ ಕಡೆ ಅಂತ ತಿಳಿಯದಿದ್ದರೂ ಅವತ್ತೇ ಹೊರಡಿ.

ಇದ್ದಕ್ಕಿದ್ದಂತೆ ನರದ ಕಿವುಡು ಬಂದರೆ ನಮ್ಮ ಕೈಯಲ್ಲಿರುವ ಮುಖ್ಯ ಔಷಧ ಸ್ಟೀರಾಯ್ಡ್. ಮೂರು ದಿನದೊಳಗೆ ಶುರುಮಾಡಿದರೆ ಒಳ್ಳೆಯದು, ಎರಡು ವಾರದೊಳಗೆ ಪರವಾಗಿಲ್ಲ. ಆಮೇಲೆ ದಿನ ಕಳೆದಂತೆ ಆಸೆ ಕಡಿಮೆಯಾಗುತ್ತಾ ಹೋಗುತ್ತದೆ. ಶುಗರ್ ಇರುವವರಿಗೆ ಮಾತ್ರೆಯಿಂದ ಶುಗರ್ ಏರುತ್ತದೆ, ಹಾಗಾಗಿ ದಿನಾ ನೋಡುತ್ತಾ ಕೊಡಬೇಕು. ಇಲ್ಲದಿದ್ದರೆ ಪರದೆಯ ಮೂಲಕ ನೇರವಾಗಿ ನಡುಗಿವಿಗೆ ಇಂಜೆಕ್ಷನ್ ಕೊಡುತ್ತೇವೆ. ನರದ ಮೇಲೆ ಗಡ್ಡೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಒಂದು ಎಂಆರ್‌ಐ ಬೇಕಾಗುತ್ತದೆ. ಬಹಳ ಜನರಲ್ಲಿ ಯಾಕೆ ಬಂತು ಅಂತ ಕಾರಣವೇ ಸಿಗುವುದಿಲ್ಲ.

ತೋರಣಗಲ್ಲಿನ ಒಬ್ಬ ಲಾರಿ ಡ್ರೈವರ್ ಇದೇ ತೊಂದರೆಗೆ ಎರಡನೇ ದಿನವೇ ಬಂದಿದ್ದ. ಹತ್ತನೇ ದಿನದ ಹೊತ್ತಿಗೆ ಅವನ ಕಿವಿ ಹೆಚ್ಚುಕಡಿಮೆ ಮೊದಲಿನಂತಾಯಿತು. ಸಿರುಗುಪ್ಪದ ಅಮ್ಮನಿಗೂ ನಾವು ಪ್ರಯತ್ನ ಬಿಡಲಿಲ್ಲ. ಪರದೆಯ ಮೂಲಕ ಇಂಜೆಕ್ಷನ್ ಕೊಟ್ಟೆವು. ಗುಂಯ್ ಅನ್ನುವುದು ಇಳಿಯಿತು. ಆದರೆ ಆ ಕಿವಿಗೆ ಫೋನ್ ಹಿಡಿದು ಮಾತಾಡುವಷ್ಟು ಕೇಳುವಿಕೆ ವಾಪಸ್ ಬರಲಿಲ್ಲ. ಬೇಗ ಬಂದವರಿಗೆಲ್ಲ ಗುಣವಾಗುತ್ತೆ, ತಡವಾದವರಿಗೆ ಆಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಮೊದಲ ಎರಡು ವಾರ ಎಣ್ಣೆ, ಡ್ರಾಪ್ಸ್ ಅಂತ ಕಳೆದುಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಒಳಗಿನ ಕಿವಿ ಯಾಕಿಷ್ಟು ಸೂಕ್ಷ್ಮ ಅಂದರೆ, ಅದರ ಕಟ್ಟಡವೇ ಹಾಗಿದೆ. ಬಸವನಹುಳದ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ ಒಂದು ಸಣ್ಣ ಕೊಳವೆ. ಅದರೊಳಗೆ ನೀರು, ನೀರಿನಲ್ಲಿ ಸುಮಾರು 15,000 ರೋಮಕೋಶಗಳು. ಸದ್ದಿಗೆ ನೀರು ಅಲುಗಿ, ಕೋಶದ ತಲೆಯ ಮೇಲಿನ ಕೂದಲು ಬಾಗಿದರೆ ನರಕ್ಕೆ ಸುದ್ದಿ ಹೋಗುತ್ತದೆ. ಕೋಳಿಯ ಕಿವಿಯಲ್ಲಿ ಈ ಕೋಶ ಸತ್ತರೆ ಮತ್ತೆ ಹುಟ್ಟುತ್ತದೆ. ಮನುಷ್ಯರಿಗೆ ಹುಟ್ಟಲ್ಲ. ತಾಯಿಯ ಹೊಟ್ಟೆಯಲ್ಲಿ ಬಂದಷ್ಟೇ ಜೀವನಪೂರ್ತಿ.

ಕೀಚು ದನಿಯನ್ನು ಹಿಡಿಯುವ ಕೋಶಗಳು ಈ ಕೊಳವೆಯ ಬಾಗಿಲಲ್ಲೇ ಇವೆ. ಕಾಲುವೆಯ ತೂಬಿನ ಬಾಯಲ್ಲಿರುವ ಪೈರು ನೀರಿನ ರಭಸಕ್ಕೆ ಮೊದಲು ಒರಗುತ್ತದಲ್ವಾ, ಸದ್ದಿಗೂ ವಯಸ್ಸಿಗೂ ಮೊದಲು ಸೋಲುವುದು ಹೆಚ್ಚಾಗಿ ಈ ಬಾಗಿಲ ಕಡೆಯ ಕೋಶಗಳೇ. ಸ, ತ, ಕ ಇಂಥ ಅಕ್ಷರಗಳ ಸದ್ದನ್ನು ಹಿಡಿಯುವುದೂ ಇವೇ. ಅದಕ್ಕೇ ವಯಸ್ಸಾದವರು “ಮಾತು ಕೇಳತೈತಿ, ಏನಂತಾರ ಅಂತ ತಿಳಿಯಂಗಿಲ್ಲ” ಅನ್ನುತ್ತಾರೆ. ಮನೆಯವರು “ಬೇಕಾದ್ದು ಮಾತ್ರ ಕೇಳತೈತಿ ಇವರಿಗೆ” ಅಂತ ಸಿಟ್ಟಾಗುತ್ತಾರೆ. ದಯವಿಟ್ಟು ಹಾಗೆ ಅನ್ನಬೇಡಿ. ಕೂಗುವುದೂ ಬೇಡ. ಎದುರಿಗೆ ನಿಂತು, ಮುಖ ಕಾಣುವಂತೆ, ನಿಧಾನಕ್ಕೆ ಮಾತಾಡಿ.

ನಮ್ಮ ಕಡೆ ಸದ್ದಿನ ಕೆಲಸ ಜಾಸ್ತಿ. ಸಂಡೂರಿನ ಗಣಿ, ಕಲ್ಲು ಕ್ರಷರ್, ಸಿಂಧನೂರು–ಗಂಗಾವತಿಯ ರೈಸ್ ಮಿಲ್ಲು, ಹಟ್ಟಿಯ ಚಿನ್ನದ ಗಣಿಯಲ್ಲಿ ಬಂಡೆಗೆ ಡ್ರಿಲ್ ಹಿಡಿಯುವವರು. ಅಂಥವರ ಆಡಿಯೋಗ್ರಾಂನಲ್ಲಿ, ಅಂದರೆ ಕಿವಿ ಎಷ್ಟು ಕೇಳುತ್ತೆ ಅಂತ ತೋರಿಸುವ ನಕ್ಷೆಯಲ್ಲಿ, ಕೀಚು ದನಿಯ 4000 ಹರ್ಟ್ಸ್ ಹತ್ತಿರ ಗೆರೆ ಗುಂಡಿಗೆ ಬಿದ್ದಂತೆ ಇಳಿದಿರುತ್ತದೆ. ಆ ಗುಂಡಿ ನೋಡಿದರೆ ಕೆಲಸ ಏನು ಅಂತ ಕೇಳದೆಯೇ ಅಂದಾಜಾಗುತ್ತದೆ. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಡೆಯಬಲ್ಲದು ಅಂತ ಒಂದು ಲೆಕ್ಕ. ಅದರ ಮೇಲೆ 3 ಡೆಸಿಬಲ್ ಏರಿದರೆ ಸಮಯ ಅರ್ಧ. 100 ಡೆಸಿಬಲ್ ಆದರೆ ಕಾಲು ಗಂಟೆ ಮಾತ್ರ. ಜಾತ್ರೆ, ಮದುವೆಗಳ ಡಿಜೆ ಬಾಕ್ಸಿನ ಮುಂದೆ ಹುಡುಗರು ಎಷ್ಟು ಹೊತ್ತು ಕುಣಿಯುತ್ತಾರೆ ನೋಡಿ.

ಸದ್ದು ಅಳೆಯುವ ಮೆಷೀನ್ ಇಲ್ಲ ಅಂದರೂ ಗೊತ್ತಾಗುತ್ತದೆ. ಒಂದು ಮಾರಿನೊಳಗೆ ನಿಂತವರ ಜೊತೆ ದನಿ ಏರಿಸಿ ಮಾತಾಡಬೇಕಾದರೆ ಅಲ್ಲಿ ಸದ್ದು ಹೆಚ್ಚು ಕಡಿಮೆ ಆ 85 ಡೆಸಿಬಲ್ ಇದೆ ಅಂತಲೇ ತಿಳಿಯಿರಿ. ಬರೀ ಹತ್ತಿ ತುರುಕಿಕೊಂಡರೆ ಉಪಯೋಗವಿಲ್ಲ. ಫೋಮ್ ಪ್ಲಗ್ಗನ್ನು ಬೆರಳಲ್ಲಿ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು, ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳಲ್ಲಿ ಒತ್ತಿ ಹಿಡಿಯಬೇಕು. ಬಹಳ ಜನ ಬಾಗಿಲಲ್ಲೇ ಸಿಕ್ಕಿಸಿಕೊಂಡು “ಹಾಕ್ಕೊಂಡೀನಿ ಸರ” ಅನ್ನುತ್ತಾರೆ. ಹೋದ ಕೋಶಗಳಿಗೆ ಮಾತ್ರೆ ಇಲ್ಲ, ಕಿವಿ ಮೆಷೀನೇ ದಾರಿ.

ಔಷಧದಿಂದಲೂ ಒಳಗಿನ ಕಿವಿ ಕೆಡುತ್ತದೆ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್‌ಗಳು, ಕ್ಯಾನ್ಸರಿನ ಸಿಸ್‌ಪ್ಲಾಟಿನ್. ಜೀವ ಉಳಿಸಲು ಇವು ಬೇಕಾಗುತ್ತವೆ, ಬೇಡ ಅನ್ನಬೇಡಿ. ಆದರೆ ತಾಯಿಯ ಕಡೆಯಲ್ಲಿ ಯಾರಿಗಾದರೂ ಇಂಥ ಇಂಜೆಕ್ಷನ್ ಆದಮೇಲೆ ಕಿವಿ ಹೋಗಿದ್ದರೆ, ಕಿಡ್ನಿ ತೊಂದರೆ ಇದ್ದರೆ, ಮೊದಲೇ ಡಾಕ್ಟರಿಗೆ ಹೇಳಿ.

ಇನ್ನು ತಲೆಸುತ್ತು. ಮಾನ್ವಿಯ ಒಬ್ಬ ಅಜ್ಜಿ ಒಂದು ಚೀಲ ತುಂಬ ಹಳೇ ಚೀಟಿ ತಂದಿದ್ದರು. ಮೂರು ವರ್ಷದಿಂದ ಒಮ್ಮೆ ಬಿಪಿ ಅಂತ, ಒಮ್ಮೆ ರಕ್ತ ಕಡಿಮೆ ಅಂತ, ಒಮ್ಮೆ ಕುತ್ತಿಗೆ ಎಲುಬು ಸವೆದಿದೆ ಅಂತ ಪಟ್ಟಿ ಹಾಕಿಸಿದ್ದರು. ನಾನು ಒಂದೇ ಪ್ರಶ್ನೆ ಕೇಳಿದೆ: “ಯಾವಾಗ ತಿರಗತೈತಿ ಅಜ್ಜಿ?” “ಬಲ ಮಗ್ಗಲಾದ್ರ ಮನಿನೇ ತಿರಗತೈತಪ್ಪ. ಕಣ್ ಮುಚ್ಚಿ ಸುಮ್ನೆ ಇದ್ರ ನಿಲ್ಲತೈತಿ.”

ಇದರಲ್ಲೇ ಉತ್ತರ ಇದೆ. ಒಳಗಿನ ಕಿವಿಯಲ್ಲಿ ತೂಕ, ಸಮತೋಲನ ನೋಡಿಕೊಳ್ಳುವ ಭಾಗದಲ್ಲಿ ಸಣ್ಣ ಸಣ್ಣ ಹರಳುಗಳಿವೆ. ಸುಣ್ಣದಕಲ್ಲು ಯಾವ ವಸ್ತುವಿನದೋ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ವಯಸ್ಸಿಗೋ ತಲೆಗೆ ಪೆಟ್ಟಾಗಿಯೋ ಅವು ಕಳಚಿ ಪಕ್ಕದ ಅರ್ಧಚಂದ್ರ ನಾಳಕ್ಕೆ ಜಾರುತ್ತವೆ. ತಲೆ ಹೊರಳಿಸಿದಾಗ ಅಲ್ಲಿ ಉರುಳಿ, ನೀವು ತಿರುಗುತ್ತಿದ್ದೀರಿ ಅಂತ ಮಿದುಳಿಗೆ ತಪ್ಪು ಸುದ್ದಿ ಕೊಡುತ್ತವೆ. ಡಾಕ್ಟರ ಚೀಟಿಯಲ್ಲಿ ಬಿಪಿಪಿವಿ ಅಂತ ಬರೆಯುವುದು ಇದಕ್ಕೇ.

ಅಜ್ಜಿಯನ್ನು ಮಂಚದ ಮೇಲೆ ಕೂರಿಸಿ, ಮುಖವನ್ನು ಬಲಕ್ಕೆ ತಿರುಗಿಸಿ, ತಲೆ ಅಂಚಿನಿಂದ ಸ್ವಲ್ಪ ಕೆಳಗೆ ಇಳಿಯುವಂತೆ ಮಲಗಿಸಿದೆ. ನಾಲ್ಕೈದು ಸೆಕೆಂಡು ಏನೂ ಇಲ್ಲ. ಆಮೇಲೆ ಕಣ್ಣುಗುಡ್ಡೆ ಸುತ್ತುತ್ತಾ ಜಗ್ಗತೊಡಗಿದವು. ಅಜ್ಜಿ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು. ಅರ್ಧ ನಿಮಿಷದಲ್ಲಿ ಕಣ್ಣು ನಿಂತವು. ಹಾಗೇ ತಲೆಯನ್ನು ಎಡಕ್ಕೆ, ಆಮೇಲೆ ಇಡೀ ಮೈಯನ್ನು ಎಡ ಮಗ್ಗುಲಿಗೆ ಹೊರಳಿಸಿ ಮೂಗು ನೆಲದ ಕಡೆಗೆ, ಕೊನೆಗೆ ಎಬ್ಬಿಸಿ ಕೂರಿಸಿದೆ. ಒಂದೊಂದು ಭಂಗಿಯಲ್ಲೂ ಅರ್ಧದಿಂದ ಒಂದು ನಿಮಿಷ. ಅಮೆರಿಕದ ವೈದ್ಯ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನ ಇದು. ಹರಳುಗಳು ನಾಳದಲ್ಲಿ ಉರುಳಿಕೊಂಡು ಹೊರಗೆ ಬೀಳುತ್ತವೆ. ಕೆಲವರಿಗೆ ಎರಡು ಮೂರು ಸಲ ಮಾಡಬೇಕಾಗುತ್ತದೆ, ಕೆಲವರಿಗೆ ವರ್ಷಗಳ ನಂತರ ಮರುಕಳಿಸುತ್ತದೆ. ಅಜ್ಜಿಗೆ ಎರಡನೇ ಸಲಕ್ಕೆ ನಿಂತಿತು. ತಲೆಸುತ್ತಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುವುದರಿಂದ ಹರಳು ತನ್ನ ಜಾಗಕ್ಕೆ ಹೋಗುವುದಿಲ್ಲ.

ತಲೆಸುತ್ತು ನಿಮಿಷಗಳಲ್ಲ, ಗಂಟೆಗಟ್ಟಲೆ ಇದ್ದು, ಜೊತೆಗೆ ಒಂದು ಕಿವಿ ಭಾರವಾಗಿ, ಸದ್ದು ಬಂದು, ಕೇಳುವುದು ಹೆಚ್ಚುಕಡಿಮೆ ಆಗುತ್ತಿದ್ದರೆ ಅದು ಒಳಗಿನ ಕಿವಿಯ ಮೆನಿಯೇರ್ ಕಾಯಿಲೆ ಇರಬಹುದು. ಅದಕ್ಕೆ ಬೇರೆ ಔಷಧ. ಜೊತೆಗೆ ಉಪ್ಪು ಕಡಿಮೆ ಮಾಡಿ ಅನ್ನುತ್ತೇವೆ. ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಇಲ್ಲದೆ ಊಟ ಇಳಿಯದ ನಮ್ಮ ಜನಕ್ಕೆ ಇದು ಕಷ್ಟವೇ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಒಂದು ಕಡೆ ಕೈಕಾಲು ಸೋತರೆ ಅದು ಕಿವಿಯದಲ್ಲ. ಮಿದುಳಿನ ಸ್ಟ್ರೋಕ್ ಇರಬಹುದು. ಆಗ ನನ್ನ ಹತ್ತಿರವಲ್ಲ, ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಕಡೆಗೆ ಮಕ್ಕಳ ವಿಷಯ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಡುವುದು ಇನ್ನೂ ಇದೆ. ಗಂಡ ಹೆಂಡತಿ ಇಬ್ಬರಿಗೂ ಕಿವಿ ಚೆನ್ನಾಗಿರುತ್ತದೆ. ಆದರೆ ಇಬ್ಬರಲ್ಲೂ ಒಂದೇ ಜೀನಿನ ಒಂದೊಂದು ಕೆಟ್ಟ ಪ್ರತಿ ಅಡಗಿರುತ್ತದೆ. ರಕ್ತಸಂಬಂಧದಲ್ಲಿ ಅದು ಒಂದೇ ಅಜ್ಜ–ಅಜ್ಜಿಯಿಂದ ಇಬ್ಬರಿಗೂ ಬಂದಿರುವ ಸಾಧ್ಯತೆ ಜಾಸ್ತಿ. ಅಂಥ ಜೋಡಿಯ ಪ್ರತಿ ಮಗುವಿಗೂ ಎರಡೂ ಕೆಟ್ಟ ಪ್ರತಿ ಸಿಕ್ಕಿ ಕಿವಿ ಕೇಳದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹುಟ್ಟುವಾಗ ತೂಕ ತೀರಾ ಕಡಿಮೆ ಇದ್ದವು, ಕಾಮಾಲೆ ವಿಪರೀತ ಏರಿದ್ದವು, ಬಸುರಿಯಲ್ಲಿ ತಾಯಿಗೆ ರುಬೆಲ್ಲಾ ಬಂದಿದ್ದವು, ಮಿದುಳುಜ್ವರ ಬಂದವು, ಇಂಥ ಮಕ್ಕಳಿಗೂ ಅಪಾಯವಿದೆ.

ಮನೆಯಲ್ಲಿ ತಟ್ಟೆ ಬಡಿದು ನೋಡುತ್ತಾರೆ. ಮಗು ತಿರುಗಿತು, ಕೇಳುತ್ತೆ ಅಂತ ಸಮಾಧಾನ ಪಡುತ್ತಾರೆ. ಮಗು ನೆರಳು ಕಂಡು ತಿರುಗಿರಬಹುದು, ಗಾಳಿ ತಾಗಿ ತಿರುಗಿರಬಹುದು. “ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು” ಅನ್ನುವ ಮಾತಂತೂ ಎಷ್ಟು ಮಕ್ಕಳ ಎರಡು ಮೂರು ವರ್ಷ ನುಂಗಿದೆಯೋ. ನಮ್ಮ ಲೆಕ್ಕ ಸರಳ: 1 ತಿಂಗಳೊಳಗೆ ಮೊದಲ ಪರೀಕ್ಷೆ, 3 ತಿಂಗಳೊಳಗೆ ಖಚಿತ, 6 ತಿಂಗಳೊಳಗೆ ಕಿವಿಗೆ ಮೆಷೀನ್. ಅದರಿಂದ ಪ್ರಯೋಜನವಾಗದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್. ಒಳಗಿನ ಕಿವಿಯ ಆ ಬಸವನಹುಳದಂಥ ಕೊಳವೆಯೊಳಗೆ ತಂತಿ ಇಳಿಸಿ ನರಕ್ಕೆ ನೇರವಾಗಿ ಸುದ್ದಿ ಮುಟ್ಟಿಸುವ ಆಪರೇಷನ್. ಮಿದುಳು ಮಾತು ಕಲಿಯುವ ಮೊದಲ ಮೂರ್ನಾಲ್ಕು ವರ್ಷದಲ್ಲಿ ಆದರೆ ಫಲ ಜಾಸ್ತಿ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೆ ಬರುವ ಸರ್ಕಾರದ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಿದರೆ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಬಡ ಮಕ್ಕಳಿಗೆ ಕೇಂದ್ರದ ಅಡಿಪ್ ಯೋಜನೆಯಲ್ಲಿ ಇಂಪ್ಲಾಂಟ್ ಉಚಿತ.

ಕೊಪ್ಪಳದ ಹತ್ತಿರದ ಹಳ್ಳಿಯ ಒಬ್ಬ ತಾಯಿ, ಸೋದರಮಾವನನ್ನೇ ಮದುವೆಯಾದವರು. ಮೊದಲ ಮಗನನ್ನು ನಾಲ್ಕು ವರ್ಷಕ್ಕೆ ಕರೆತಂದಿದ್ದರು. ಅವನಿಗೆ ಇಂಪ್ಲಾಂಟ್ ಆಯಿತು, ಈಗ ವಾರಕ್ಕೆ ಎರಡು ಸಲ ಮಾತಿನ ತರಬೇತಿಗೆ ಹೋಗುತ್ತಾನೆ. ನಿಧಾನ, ಆದರೆ ಬರುತ್ತಿದೆ. ಎರಡನೆಯದು ಹೆಣ್ಣುಮಗು. ಬಾಣಂತನ ಮುಗಿಯುವ ಮೊದಲೇ, ಇಪ್ಪತ್ತನೇ ದಿನಕ್ಕೆ, ತಲೆಗೆ ಬಟ್ಟೆ ಕಟ್ಟಿಕೊಂಡು ಎತ್ತಿಕೊಂಡು ಬಂದರು. ಅತ್ತೆ ಬೇಡ ಅಂದರಂತೆ, ಕೇಳಲಿಲ್ಲ. ಹಾಲು ಕುಡಿದು ನಿದ್ದೆಹೋದ ಮಗುವಿನ ಕಿವಿಗೆ ಸಣ್ಣ ಬಿರಡೆ ಇಟ್ಟು ಪರೀಕ್ಷೆ ಮಾಡಿದೆವು. ಚೆನ್ನಾಗಿರುವ ಒಳಗಿನ ಕಿವಿಯಿಂದ ಬರಬೇಕಾದ ಮರುದನಿ ಎರಡೂ ಕಿವಿಯಲ್ಲಿ ಬರಲಿಲ್ಲ. ಸದ್ದು ನರದ ಮೂಲಕ ಮಿದುಳಿಗೆ ಮುಟ್ಟುತ್ತಾ ಅಂತ ನೋಡುವ ಬೇರಾ ಪರೀಕ್ಷೆಯಲ್ಲೂ ಕೇಳುವುದಿಲ್ಲ ಅಂತಲೇ ಬಂತು. ತಾಯಿ ಅತ್ತರು, ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಐದನೇ ತಿಂಗಳಿಗೆ ಮೆಷೀನ್ ಹಾಕಿದೆವು. ಮೊದಲ ಸಲ ಆನ್ ಮಾಡಿದಾಗ ಅಣ್ಣ ಪಕ್ಕದಲ್ಲೇ ನಿಂತಿದ್ದ, ತನ್ನ ಕಿವಿಯ ಹಿಂದಿನ ಮೆಷೀನನ್ನೂ ತಂಗಿಯದನ್ನೂ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಆಮೇಲೆ ಅವಳ ಮುಖದ ಹತ್ತಿರ ಬಗ್ಗಿ, ತರಬೇತಿಯಲ್ಲಿ ಕಲಿಸಿದಂತೆ ತುಟಿ ಅಗಲ ಮಾಡಿ, “ಪಾ... ಪು” ಅಂದ. ಅವಳು ಹಾಲು ಕುಡಿಯುವುದನ್ನು ನಿಲ್ಲಿಸಿದಳು.