ನಿರ್ಮಾಣ ಕಂಪನಿಗಳ ವರದಿಯಲ್ಲಿ ವಲಸೆ ಕಾರ್ಮಿಕರನ್ನು ಹುಡುಕುವುದು ಹೇಗೆ: ಒಂದು ಅಧ್ಯಯನ ಟಿಪ್ಪಣಿ

ವಲಸೆ ಕಾರ್ಮಿಕರ ಹಕ್ಕುಗಳ ವಿಷಯದಲ್ಲಿ ನಿರ್ಮಾಣ ಕಂಪನಿಯೊಂದು ಪಾರದರ್ಶಕವಾಗಿದೆ ಎಂದು ಯಾವಾಗ ಹೇಳಬಹುದು? ಮಾನವ ಹಕ್ಕುಗಳನ್ನು ಗೌರವಿಸುತ್ತೇವೆ ಎಂಬ ನೀತಿಪತ್ರವನ್ನು ಪ್ರಕಟಿಸಿದ ಮಾತ್ರಕ್ಕೆ ಹಾಗೆ ಹೇಳಲಾಗದು. ಕೊನೆಯ ಉಪಗುತ್ತಿಗೆದಾರನ ಕೈಕೆಳಗೆ ಕಂಬಿ ಕಟ್ಟುವ ಅಥವಾ ಸೆಂಟ್ರಿಂಗ್ ಹೊಡೆಯುವ ವ್ಯಕ್ತಿಗೆ ಎಷ್ಟು ಕೂಲಿ ಸಿಕ್ಕಿತು, ಎಂದು ಸಿಕ್ಕಿತು, ಅವನು ಎಲ್ಲಿ ಮಲಗುತ್ತಾನೆ, ಪೆಟ್ಟಾದರೆ ಯಾರು ನೋಡಿಕೊಂಡರು ಎಂಬುದನ್ನು ಹೊರಗಿನವರು ಪರಿಶೀಲಿಸಲು ಸಾಧ್ಯವಾಗಬೇಕು. ಕೊಡಗಿನಲ್ಲಿ ಓದುತ್ತಿರುವ ನಮಗೆ ಇದು ದೂರದ ವಿಷಯವಲ್ಲ. ಕುಶಾಲನಗರದ ಹೊಸ ಬಡಾವಣೆಗಳಲ್ಲಿ, ಮಡಿಕೇರಿ ಸುತ್ತಲಿನ ರೆಸಾರ್ಟ್ ಮತ್ತು ಹೋಂಸ್ಟೇ ಕಟ್ಟಡಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳಿಂದ ಬಂದವರ ಜೊತೆಗೆ ನಮ್ಮದೇ ರಾಜ್ಯದ ರಾಯಚೂರು, ಕೊಪ್ಪಳದ ಕುಟುಂಬಗಳೂ ದುಡಿಯುತ್ತಿವೆ.

ಅಂತರರಾಷ್ಟ್ರೀಯ ಚೌಕಟ್ಟನ್ನು ಚಿಕ್ಕದಾಗಿ ನೋಡೋಣ. 2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ ಅನುಮೋದಿಸಿದ ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗದರ್ಶಿ ತತ್ತ್ವಗಳು ಮೂರು ಕಂಬಗಳ ಮೇಲೆ ನಿಂತಿವೆ: ರಕ್ಷಿಸುವುದು ಸರ್ಕಾರದ ಕರ್ತವ್ಯ, ಗೌರವಿಸುವುದು ಕಂಪನಿಯ ಹೊಣೆ, ಹಾನಿಗೊಳಗಾದವರಿಗೆ ಪರಿಹಾರದ ದಾರಿ ಇರಬೇಕು. 2012ರ ಢಾಕಾ ತತ್ತ್ವಗಳು ಇದನ್ನೇ ವಲಸೆ ಕಾರ್ಮಿಕರಿಗೆ ಅನ್ವಯಿಸಿ, ಕೆಲಸ ಕೊಡಿಸಿದ್ದಕ್ಕೆ ಕಾರ್ಮಿಕನಿಂದ ಶುಲ್ಕ ಪಡೆಯಬಾರದು ಎಂಬುದನ್ನು ಮೊದಲ ತತ್ತ್ವವಾಗಿ ಇಟ್ಟವು. 2022ರ ವಿಶ್ವಕಪ್‌ಗಾಗಿ ಕತಾರ್‌ನಲ್ಲಿ ಕ್ರೀಡಾಂಗಣಗಳು ಏಳುತ್ತಿದ್ದಾಗ, ಇಂಥ ಶುಲ್ಕ ಕಟ್ಟಲು ಕಾರ್ಮಿಕರು ಮಾಡಿದ ಸಾಲದ ಕಡೆಗೂ ಜಗತ್ತಿನ ಗಮನ ಹರಿಯಿತು. ಊರಿನಲ್ಲಿ ಮೇಸ್ತ್ರಿಯಿಂದ ಮುಂಗಡ ಪಡೆದು ಬಂದವನು ಆ ಹಣ ತೀರುವವರೆಗೆ ಕೆಲಸ ಬಿಡಲಾಗದೆ ಉಳಿಯುವುದು ಅದೇ ಸಮಸ್ಯೆಯ ಇನ್ನೊಂದು ರೂಪ ಎಂದು ನಾನು ಓದಿಕೊಂಡಿದ್ದೇನೆ.

ಭಾರತದಲ್ಲಿ ಮುಖ್ಯವಾಗಿ ಗಮನಿಸಬೇಕಾದ ದಾಖಲೆ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2021ರಲ್ಲಿ ರೂಪಿಸಿದ ವ್ಯವಹಾರ ಹೊಣೆಗಾರಿಕೆ ಮತ್ತು ಸುಸ್ಥಿರತಾ ವರದಿ, ಅಂದರೆ ಬಿಆರ್‌ಎಸ್‌ಆರ್. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ಷೇರುಪೇಟೆಯ ಕಂಪನಿಗಳಿಗೆ 2022–23ರ ಹಣಕಾಸು ವರ್ಷದಿಂದ ಇದು ಕಡ್ಡಾಯ. ಇದರ ಒಂಬತ್ತು ತತ್ತ್ವಗಳಲ್ಲಿ ಮೂರನೆಯದು ದುಡಿಯುವವರ ಯೋಗಕ್ಷೇಮದ ಬಗ್ಗೆ, ಐದನೆಯದು ಮಾನವ ಹಕ್ಕುಗಳ ಬಗ್ಗೆ ಕೇಳುತ್ತದೆ. ಅಪಘಾತಗಳು, ಸಾವುಗಳು, ಕನಿಷ್ಠ ವೇತನ, ಬಂದ ದೂರುಗಳು ಮತ್ತು ಬಾಕಿ ಉಳಿದ ದೂರುಗಳಿಗೆ ಅಲ್ಲಿ ಅಂಕಣಗಳಿವೆ. ಕಾರ್ಮಿಕರನ್ನು ಕಾಯಂ ಮತ್ತು ಕಾಯಂ ಅಲ್ಲದವರು ಎಂದು, ಪುರುಷರು ಮತ್ತು ಮಹಿಳೆಯರು ಎಂದು ವಿಂಗಡಿಸಲಾಗುತ್ತದೆ. ಆದರೆ ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಪ್ರತ್ಯೇಕ ಅಂಕಣವಿಲ್ಲ. ಹೀಗಾಗಿ ಒಡಿಶಾದಿಂದ ಬಂದ ಗಾರೆ ಕೆಲಸಗಾರನೂ ಗುತ್ತಿಗೆಯ ಮೇಲಿರುವ ಸ್ಥಳೀಯ ಕಾರ್ಮಿಕನೂ ‘ಕಾಯಂ ಅಲ್ಲದವರು’ ಎಂಬ ಒಂದೇ ಸಂಖ್ಯೆಯಲ್ಲಿ ಸೇರಿಹೋಗುತ್ತಾರೆ. ಇಂಥ ವರದಿಯನ್ನು ಓದುವಾಗ ಎರಡು ಕಡೆ ನಿಲ್ಲಬೇಕು. ಕಾಯಂ ಅಲ್ಲದ ಕಾರ್ಮಿಕರು ಸಾವಿರಾರು ಮಂದಿ ಇದ್ದು ವೇತನದ ದೂರು ಸೊನ್ನೆ ಎಂದು ಬರೆದಿದ್ದರೆ, ಅದನ್ನು ಸಂತೃಪ್ತಿಯ ಲಕ್ಷಣವೆಂದು ಕೂಡಲೇ ಒಪ್ಪಬಾರದು. ದೂರು ಸ್ವೀಕರಿಸುವವರಿಗೆ ಬಂಗಾಳಿ ಅಥವಾ ಒಡಿಯಾ ಬರುತ್ತದೆಯೇ, ದೂರು ಕೊಟ್ಟವನನ್ನು ಮರುದಿನ ಕೆಲಸಕ್ಕೆ ಕರೆಯುತ್ತಾರೆಯೇ ಎಂದು ಕೇಳಬೇಕು. ಸಾವುಗಳ ಲೆಕ್ಕದಲ್ಲಿ ಉಪಗುತ್ತಿಗೆದಾರರ ಆಳುಗಳು ಸೇರಿದ್ದಾರೆಯೇ ಎಂಬುದು ಅದಕ್ಕಿಂತಲೂ ಗಂಭೀರವಾದ ಪ್ರಶ್ನೆ.

ಈಗ ಕಾನೂನಿಗೆ ಬರೋಣ. ಅಂತರರಾಜ್ಯ ವಲಸೆ ಕಾರ್ಮಿಕರ 1979ರ ಕಾಯ್ದೆ ಐದು ಅಥವಾ ಹೆಚ್ಚು ಮಂದಿ ವಲಸೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ಮೂಲ ಮಾಲೀಕನ (ಅಂದರೆ ಗುತ್ತಿಗೆದಾರನಿಗೆ ಕೆಲಸ ವಹಿಸಿದವನ) ನೋಂದಣಿ, ಗುತ್ತಿಗೆದಾರನ ಪರವಾನಗಿ, ಕಾರ್ಮಿಕನಿಗೆ ಭಾವಚಿತ್ರವಿರುವ ಪಾಸ್‌ಬುಕ್, ಸ್ಥಳಾಂತರ ಭತ್ಯೆ ಎಲ್ಲವೂ ಅದರಲ್ಲಿದ್ದವು. ಅದರ ಜಾಗಕ್ಕೆ ಬಂದಿರುವ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ 2020ರದ್ದು. 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಗುತ್ತಿಗೆದಾರನ ಮೂಲಕವಲ್ಲದೆ ತಾನಾಗಿಯೇ ಬಂದವನನ್ನೂ ವಲಸೆ ಕಾರ್ಮಿಕನೆಂದು ಒಪ್ಪಿಕೊಂಡದ್ದು ಈ ಸಂಹಿತೆಯ ಒಳ್ಳೆಯ ಹೆಜ್ಜೆ. ಆದರೆ ಸಂಖ್ಯೆಯ ಮಿತಿ ಹತ್ತಕ್ಕೆ ಏರಿತು, ಸ್ಥಳಾಂತರ ಭತ್ಯೆ ಹೋಯಿತು, ವ್ಯಾಖ್ಯೆಯೊಳಗೆ ತಿಂಗಳಿಗೆ 18,000 ರೂಪಾಯಿ ಅಥವಾ ಸರ್ಕಾರ ಹೆಚ್ಚಿಸಿ ಸೂಚಿಸುವ ಮೊತ್ತದ ವೇತನಮಿತಿ ಸೇರಿತು. ದಿನಕ್ಕೆ 700 ರೂಪಾಯಿಯಂತೆ 26 ದಿನ ದುಡಿದವನ ಗಳಿಕೆ 18,200 ರೂಪಾಯಿ ಆಗುತ್ತದೆ ಎಂದು ಲೆಕ್ಕ ಹಾಕಿದರೆ, ಕುಶಲ ಕೆಲಸಗಾರರು ಎಷ್ಟು ಸುಲಭವಾಗಿ ಹೊರಗುಳಿಯಬಲ್ಲರು ಎಂಬುದು ತಿಳಿಯುತ್ತದೆ. ರಾಯಚೂರಿನಿಂದ ವಿರಾಜಪೇಟೆಗೆ ಬಂದವರು ರಾಜ್ಯದ ಗಡಿ ದಾಟದ ಕಾರಣ ಹಿಂದೆಯೂ ಇದರೊಳಗೆ ಇರಲಿಲ್ಲ, ಈಗಲೂ ಇಲ್ಲ. ಗುತ್ತಿಗೆದಾರನು ಬಟವಾಡೆ ಮಾಡದಿದ್ದರೆ ಮೂಲ ಮಾಲೀಕನೇ ಕೂಲಿ ಕೊಟ್ಟು ಅದನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂಬ ನಿಯಮ ಈಗಲೂ ಉಳಿದುಕೊಂಡಿದೆ. ಈ ವಿಷಯದಲ್ಲಿ ನಾವು ಬಿಡದೆ ನೆನಪಿಡಬೇಕಾದ ಅಂಶ ಇದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ‘ಅವರು ನಮ್ಮ ನೌಕರರಲ್ಲ’ ಎಂಬ ಕಂಪನಿಯ ಮಾತಿಗೆ ಕಾನೂನು ಕೊಡುವ ನೇರ ಉತ್ತರ ಇಲ್ಲಿದೆ.

ಕಟ್ಟಡ ಉಪಕರದ ವಿಚಾರದಲ್ಲೂ ಎಚ್ಚರ ಬೇಕು. 1996ರ ಕಾಯ್ದೆಯ ಪ್ರಕಾರ ನಿರ್ಮಾಣ ವೆಚ್ಚದ ಶೇ 1ರಷ್ಟು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತ ಬಂದಿದೆ. ಉಪಕರ ಕಟ್ಟಿದ್ದೇವೆ ಎಂದು ಕಂಪನಿ ಬರೆದರೆ ಅದು ನಿಜವೇ ಇರಬಹುದು. ಆದರೆ ಮಂಡಳಿಯ ಸವಲತ್ತು ಸಿಗುವುದು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಪಡೆದು ನೋಂದಾಯಿಸಿಕೊಂಡವರಿಗೆ. ಜೂನ್‌ನಿಂದ ಮಳೆ ಹಿಡಿದರೆ ಕೊಡಗಿನಲ್ಲಿ ಅಡಿಪಾಯ ಮತ್ತು ಗಾರೆ ಕೆಲಸ ನಿಲ್ಲುತ್ತವೆ, ಆಳುಗಳು ಬೇರೆ ಮೇಸ್ತ್ರಿಯ ಜೊತೆ ಬೇರೆ ಜಿಲ್ಲೆಗೆ ಹೋಗುತ್ತಾರೆ, ಆ ಪ್ರಮಾಣಪತ್ರಕ್ಕೆ ಸಹಿ ಹಾಕುವವರೇ ಇಲ್ಲವಾಗುತ್ತಾರೆ. ಆದ್ದರಿಂದ ಉಪಕರದ ಮೊತ್ತದ ಪಕ್ಕದಲ್ಲಿ, ಆ ಸ್ಥಳದ ಎಷ್ಟು ಮಂದಿಯ ಬಳಿ ಮಂಡಳಿಯ ಗುರುತಿನ ಚೀಟಿ ಇದೆ ಎಂಬ ಸಂಖ್ಯೆಯೂ ಇದ್ದರೆ ಮಾತ್ರ ಆ ಮಾಹಿತಿಗೆ ಅರ್ಥವಿದೆ.

ವಾಸದ ಪ್ರಶ್ನೆ ನಮ್ಮ ಜಿಲ್ಲೆಯಲ್ಲಿ ಜೀವದ ಪ್ರಶ್ನೆಯೂ ಹೌದು. ಬೆಟ್ಟದ ಇಳಿಜಾರನ್ನು ಜೆಸಿಬಿಯಿಂದ ಕಡಿದು ಸಮ ಮಾಡಿದ ಜಾಗದ ಅಂಚಿನಲ್ಲೇ ತಗಡಿನ ಶೆಡ್ ಹಾಕಿದರೆ, ಮಣ್ಣು ಮೊದಲು ಕುಸಿಯುವುದು ಅದರ ಮೇಲೆ. 2018ರ ಆಗಸ್ಟ್‌ನ ಭೂಕುಸಿತದ ಬಳಿಕ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಸಂತ್ರಸ್ತರಿಗೆ ಸುರಕ್ಷಿತ ಮನೆ ಬೇಕೆಂದು ನಾವೆಲ್ಲ ಒತ್ತಾಯಿಸಿದೆವು. ಮನೆ ಕಟ್ಟುವವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಕೇಳುವುದೂ ಅಷ್ಟೇ ನ್ಯಾಯವಾದದ್ದು. ಕಂಪನಿಯ ವರದಿಗಳಲ್ಲಿ ಈ ವಿವರವನ್ನು ಸ್ಥಳವಾರು ಕೊಡುವುದು ರೂಢಿಯಾಗಬೇಕು.

ಕೊಡಗಿನ ಬಹುತೇಕ ಕಟ್ಟಡಗಳನ್ನು ಕಟ್ಟಿಸುವವರು ಷೇರುಪೇಟೆಯಲ್ಲಿರುವ ಕಂಪನಿಗಳಲ್ಲ, ಆದ್ದರಿಂದ ಬಿಆರ್‌ಎಸ್‌ಆರ್ ಅವರನ್ನು ಮುಟ್ಟುವುದಿಲ್ಲ. ಅಲ್ಲಿ ಬೇರೆ ದಾರಿಗಳಿವೆ. ವೇತನ ಸಂಹಿತೆಯ ಪ್ರಕಾರ ಕೂಲಿಯ ದರ, ಬಟವಾಡೆಯ ದಿನ ಮತ್ತು ಸಮಯ, ತಪಾಸಣಾಧಿಕಾರಿಯ ಹೆಸರು ಮತ್ತು ವಿಳಾಸವನ್ನು ಕೆಲಸದ ಸ್ಥಳದಲ್ಲಿ ಪ್ರದರ್ಶಿಸಬೇಕು. ಈ ಫಲಕ ಕನ್ನಡದಲ್ಲಿ ಮಾತ್ರ ಇದ್ದರೆ ಅಸ್ಸಾಮಿನವರಿಗೆ ಅದು ಇದ್ದೂ ಇಲ್ಲದಂತೆ. ಖಾಸಗಿ ಮಾಲೀಕನ ಕಡತಗಳನ್ನು ನಾವು ನೇರವಾಗಿ ಕೇಳಲಾಗದಿದ್ದರೂ, ಕಾರ್ಮಿಕ ಇಲಾಖೆಯ ಬಳಿ ಇರುವ ನೋಂದಣಿ, ಪರವಾನಗಿ ಮತ್ತು ತಪಾಸಣೆಯ ದಾಖಲೆಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಬಹುದು. ಕ್ಷೇತ್ರಕಾರ್ಯಕ್ಕೆ ವಿಷಯ ಹುಡುಕುತ್ತಿರುವವರು ಒಂದೇ ಕಟ್ಟಡವನ್ನು ಆರಿಸಿಕೊಂಡು, ಇಲಾಖೆಯ ದಾಖಲೆಯಲ್ಲಿರುವ ಕಾರ್ಮಿಕರ ಸಂಖ್ಯೆಯನ್ನೂ ಸ್ಥಳದ ಹಾಜರಿ ಪುಸ್ತಕದ ಸಂಖ್ಯೆಯನ್ನೂ ಹೋಲಿಸಲಿ. ಕಾರ್ಮಿಕರ ಹೆಸರು ಮತ್ತು ಊರುಗಳನ್ನು ಮಾತ್ರ ಪ್ರಬಂಧದಲ್ಲಿ ಬರೆಯಬಾರದು. ಕೆಲಸ ಕಳೆದುಕೊಳ್ಳುವ ಅಪಾಯ ಇರುವುದು ಅವರಿಗೆ.